ಬೀಜಿಂಗ್ ರಂಗದ ಹಿಮ್ಮೇಳ: ಜಿಂಗ್‌ಜು ನಾಟಕದ ಜಾಗಟೆ, ತಾಳ, ಡೋಲುಗಳ ಕುರಿತು

ಹಳೆಯ ಬೀಜಿಂಗಿನಲ್ಲಿ ಜನ ನಾಟಕಕ್ಕೆ ಹೊರಡುವಾಗ ‘ನಾಟಕ ನೋಡಲು ಹೋಗುತ್ತೇವೆ’ ಎನ್ನುತ್ತಿರಲಿಲ್ಲ, ‘ನಾಟಕ ಕೇಳಲು ಹೋಗುತ್ತೇವೆ’ ಎನ್ನುತ್ತಿದ್ದರು. ‘ಥಿಂಗ್ ಶಿ’ ಎಂಬ ಆ ಎರಡು ಪದಗಳಿಂದಲೇ ನನ್ನ ಇಂದಿನ ಮಾತನ್ನು ಆರಂಭಿಸುತ್ತೇನೆ. ನಾವು ಪೀಕಿಂಗ್ ಆಪೆರಾ ಎಂದೂ ಚೀನೀಯರು ಜಿಂಗ್‌ಜು ಎಂದೂ ಕರೆಯುವ ಈ ರಂಗಪ್ರಕಾರದ ಚಿತ್ರಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಗಾಢ ಬಣ್ಣದ ಮುಖಗಳು, ಸೇನಾಪತಿಯ ಬೆನ್ನಿಗೆ ಕಟ್ಟಿದ ನಾಲ್ಕು ಬಾವುಟಗಳು, ಎದೆಯ ಮೇಲೆ ಇಳಿಬಿದ್ದ ಗಡ್ಡ, ನೀರಿನಂತೆ ಅಲೆಯಾಡುವ ಅಂಗಿಯ ಉದ್ದನೆಯ ಬಿಳಿ ತೋಳುಗಳು. ಕಣ್ಣಿಗೆ ಇಷ್ಟೊಂದು ಹಬ್ಬವಾಗಿರುವ ನಾಟಕವನ್ನು ಅದರ ತವರಿನ ಜನ ಕಿವಿಗೆ ಸೇರಿದ್ದೆಂದು ಏಕೆ ಬಗೆದರು? ಹಾಡಿನ ಕಾರಣದಿಂದ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ, ಮತ್ತು ಅದು ಸರಿಯೇ. ಆದರೆ ಹಾಡು ಹುಟ್ಟುವ ಮೊದಲೂ, ಹಾಡು ಮುಗಿದ ಮೇಲೂ, ಮಾತಿನ ಮಧ್ಯೆಯೂ, ಯಾರೂ ಏನೂ ಆಡದೆ ಸುಮ್ಮನೆ ನಿಂತಿರುವಾಗಲೂ ಆ ರಂಗದಲ್ಲಿ ಕಂಚು ಮತ್ತು ಮರದ ಪೆಟ್ಟುಗಳು ಕೇಳಿಸುತ್ತಲೇ ಇರುತ್ತವೆ. ‘ಅರ್ಧ ರಂಗ ಜಾಗಟೆ-ಡೋಲಿನದು, ಅರ್ಧ ರಂಗ ನಾಟಕದ್ದು’ ಎಂಬ ಗಾದೆ ಚೀನೀ ರಂಗದವರ ನಡುವೆ ಇದೆ. ಆ ಗಾದೆಯನ್ನು ನಾನು ಅಕ್ಷರಶಃ ನಂಬುತ್ತೇನೆ. ಈ ಪೆಟ್ಟುಗಳು ನಾಟಕಕ್ಕೆ ಕೊಟ್ಟ ಪಕ್ಕವಾದ್ಯವಲ್ಲ, ನಾಟಕ ಆಡುವ ಭಾಷೆಯ ಒಂದು ಭಾಗ.

ಹೀಗೆ ಹೇಳುವುದಕ್ಕೆ ಮೊದಲ ಕಾರಣ ಆ ರಂಗದ ಬರಿದುತನ. ಸಾಂಪ್ರದಾಯಿಕ ಜಿಂಗ್‌ಜು ರಂಗದ ಮೇಲೆ ಒಂದು ಮೇಜು, ಎರಡು ಕುರ್ಚಿ ಇದ್ದರೆ ಆಯಿತು. ಅದೇ ಮೇಜು ಒಮ್ಮೆ ನ್ಯಾಯಾಲಯದ ಪೀಠ, ಇನ್ನೊಮ್ಮೆ ಬೆಟ್ಟ, ಮತ್ತೊಮ್ಮೆ ಕೋಟೆಯ ಗೋಡೆ. ಬಾಗಿಲಿಲ್ಲದೆ ಬಾಗಿಲು ತೆರೆಯಬೇಕು, ಕುದುರೆಯಿಲ್ಲದೆ ಬರಿಯ ಚಾಟಿ ಹಿಡಿದು ಕುದುರೆ ಏರಬೇಕು, ದೋಣಿಯಿಲ್ಲದೆ ಒಂದು ಹುಟ್ಟು ಹಿಡಿದು ಹೊಳೆ ದಾಟಬೇಕು. ನಟನ ಕೈ ಗಾಳಿಯಲ್ಲಿ ಬಾಗಿಲಿನ ಚಿಲಕವನ್ನು ಸರಿಸಿದ ಕ್ಷಣದಲ್ಲಿಯೇ ಒಂದು ಸಣ್ಣ ಪೆಟ್ಟು ಬಿದ್ದರೆ ಆ ಚಿಲಕಕ್ಕೆ ತೂಕ ಬರುತ್ತದೆ. ಪೆಟ್ಟು ಅರೆಗಳಿಗೆ ತಡವಾದರೆ ಚಿಲಕವೂ ಇಲ್ಲ, ಬಾಗಿಲೂ ಇಲ್ಲ.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. 1790ರಲ್ಲಿ ಛ್ಯೆನ್‌ಲೋಂಗ್ ಚಕ್ರವರ್ತಿಯ 80ನೇ ಹುಟ್ಟುಹಬ್ಬಕ್ಕೆಂದು ಆನ್‌ಹ್ವೇ ಪ್ರಾಂತ್ಯದ ನಾಟಕ ಮೇಳವೊಂದು ರಾಜಧಾನಿಗೆ ಬಂದಿತು. ಅದರ ಹಿಂದೆಯೇ ಬಂದ ಇತರ ಮೇಳಗಳನ್ನೂ ಸೇರಿಸಿ ‘ಆನ್‌ಹ್ವೇಯ ನಾಲ್ಕು ಮಹಾಮೇಳಗಳು’ ಎಂದು ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಬೇ ಪ್ರಾಂತ್ಯದ ನಟರು ಇವರೊಡನೆ ಬೆರೆತರು. ಶಿಪಿ ಮತ್ತು ಅರ್‌ಹ್ವಾಂಗ್ ಎಂಬ ಎರಡು ಗಾಯನ ಪದ್ಧತಿಗಳು ಒಂದೇ ರಂಗದಲ್ಲಿ ಕೂಡಿಕೊಂಡು, ಹಳೆಯ ಕುನ್‌ಚು ನಾಟಕದಿಂದಲೂ ಬಹಳಷ್ಟನ್ನು ಪಡೆದುಕೊಂಡು, ಇಂದಿನ ಜಿಂಗ್‌ಜು ರೂಪುಗೊಂಡಿತು. ಅದಕ್ಕೆ ‘ಜಿಂಗ್‌ಜು’, ಅಂದರೆ ರಾಜಧಾನಿಯ ನಾಟಕ, ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1876ರಲ್ಲಿ, ಶಾಂಘೈ ನಗರದ ಪತ್ರಿಕೆಯೊಂದರಲ್ಲಿ. 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ನಾಟಕದ ಹಿಮ್ಮೇಳದಲ್ಲಿ ಎರಡು ಪಾಳಿಗಳಿವೆ. ತಂತಿ ಮತ್ತು ಗಾಳಿವಾದ್ಯಗಳ ಪಾಳಿಗೆ ವೆನ್‌ಛಾಂಗ್ ಎಂದೂ ತಾಳವಾದ್ಯಗಳ ಪಾಳಿಗೆ ವೂಛಾಂಗ್ ಎಂದೂ ಹೆಸರು. ‘ವೆನ್’ ಎಂದರೆ ಅಕ್ಷರ, ವಿದ್ಯೆ, ನಾಗರಿಕ ನಡವಳಿಕೆ. ‘ವೂ’ ಎಂದರೆ ಶೌರ್ಯ, ಶಸ್ತ್ರ. ವೆನ್‌ಛಾಂಗಿನ ಮುಖ್ಯ ವಾದ್ಯ ಜಿಂಗ್‌ಹು. ಬಿದಿರಿನ ದಂಡ, ಹಿಡಿಗಾತ್ರದ ಬಿದಿರಿನ ಬುರುಡೆ, ಅದರ ಬಾಯಿಗೆ ಬಿಗಿದ ಹಾವಿನ ಚರ್ಮ, ಎರಡೇ ತಂತಿ, ಆ ಎರಡು ತಂತಿಗಳ ನಡುವೆ ಹೊಕ್ಕ ಕಮಾನಿನ ಕೂದಲು. ಇಷ್ಟು ಪುಟ್ಟ ವಾದ್ಯದಿಂದ ಹೊರಡುವ ತೀಕ್ಷ್ಣ ನಾದ ನಟನ ಕಂಠವನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಅದಕ್ಕೆ ಜೊತೆಯಾಗಿ ಹುಣ್ಣಿಮೆಯ ಚಂದ್ರನಂತೆ ದುಂಡಗಿರುವ ಯುಎಚಿನ್, ಉದ್ದ ಕುತ್ತಿಗೆಯ ಮೂರು ತಂತಿಯ ಸಾನ್‌ಶ್ಯೆನ್, ಮತ್ತು 1923ರಲ್ಲಿ ಹೆಸರಾಂತ ನಟ ಮೇ ಲಾನ್‌ಫಾಂಗ್ ಅವರ ನಾಟಕವೊಂದಕ್ಕಾಗಿ ಸೇರಿಸಿಕೊಂಡ, ಮಂದ್ರದಲ್ಲಿ ನುಡಿಯುವ ಅರ್‌ಹು ಇರುತ್ತವೆ. ನಮ್ಮ ಶಹನಾಯಿಯ ದೂರದ ದಾಯಾದಿಯಾದ ಸ್ವೊನಾ, ದರ್ಬಾರು ಮತ್ತು ಸೇನೆಯ ದೃಶ್ಯಗಳಲ್ಲಿ ಕೇಳಿಬರುತ್ತದೆ. ತಂತಿವಾದ್ಯಗಳ ಬಗ್ಗೆ ಹೇಳಬೇಕಾದದ್ದು ಬೇಕಾದಷ್ಟಿದೆ; ಇಂದು ನನ್ನ ಗಮನ ಪೂರ್ತಿಯಾಗಿ ಎರಡನೆಯ ಪಾಳಿಯ ಮೇಲಿದೆ.

ವೂಛಾಂಗಿನ ಪ್ರಾಣ ದಾನ್‌ಪಿಗು, ಅಂದರೆ ಒಂಟಿ ಚರ್ಮದ ಡೋಲು. ಬಾನ್‌ಗು ಎಂದೂ ಕರೆಯುತ್ತಾರೆ. ಮೊದಲ ಸಲ ನೋಡಿದವರಿಗೆ ಇದು ಡೋಲೆಂದು ತೋರುವುದೇ ಇಲ್ಲ; ಮುಕ್ಕಾಲಿಯ ಮೇಲೆ ಬೋರಲು ಹಾಕಿದ ಒಂದು ದಪ್ಪ ಬಟ್ಟಲಿನಂತೆ ಕಾಣುತ್ತದೆ. ಗಟ್ಟಿಮರದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಗುಮ್ಮಟದ ಆಕಾರ ಮಾಡಿ, ಮೇಲೆ ಚರ್ಮವನ್ನು ಎಳೆದು ಸುತ್ತಲೂ ಮೊಳೆ ಹೊಡೆದಿರುತ್ತಾರೆ. ಇಡೀ ಮೈ ದಪ್ಪ ಮರ. ನಟ್ಟನಡುವೆ ಮಾತ್ರ ಕೆಲವೇ ಸೆಂಟಿಮೀಟರ್ ಅಗಲದ ಒಂದು ತೂತು. ಆ ತೂತಿನ ಮೇಲಿನ ಚರ್ಮಕ್ಕೆ ‘ಡೋಲಿನ ಹೃದಯ’ ಎಂಬ ಹೆಸರಿದೆ. ತೆಳ್ಳಗಿನ ಎರಡು ಬಿದಿರಿನ ಕಡ್ಡಿಗಳ ತುದಿ ಈ ನಾಣ್ಯದಗಲದ ಜಾಗಕ್ಕೇ ಬಿದ್ದಾಗ ಒಣಗಿದ, ಚುರುಕಾದ, ಅನುರಣನವೇ ಇಲ್ಲದ ಒಂದು ಸದ್ದು ಹೊರಡುತ್ತದೆ. ಒಣ ಕಟ್ಟಿಗೆ ಸಿಡಿದಂತಹ ಆ ಸದ್ದು ದೊಡ್ಡ ಜಾಗಟೆಯ ಗದ್ದಲವನ್ನೂ ಸೀಳಿಕೊಂಡು ರಂಗದ ಮೂಲೆ ಮೂಲೆಗೆ ತಲುಪುತ್ತದೆ. ಅಂಚಿಗೆ ಹೊಡೆದರೆ ಒಂದು ಬಗೆ, ಹೃದಯಕ್ಕೆ ಹೊಡೆದರೆ ಇನ್ನೊಂದು ಬಗೆ; ಎರಡು ಕಡ್ಡಿಗಳನ್ನು ಒಂದರ ಹಿಂದೊಂದು ಪುಟಿಸಿದಾಗ ಮಳೆಹನಿ ಉದುರಿದಂತೆ ಉರುಳುವ ಪೆಟ್ಟುಗಳದ್ದು ಮತ್ತೊಂದು ಬಗೆ.

ಅದೇ ವಾದಕನ ಎಡಗೈಯಲ್ಲಿ ಬಾನ್ ಇರುತ್ತದೆ. ಗಟ್ಟಿಮರದ ಮೂರು ಹಲಗೆಗಳು. ಎರಡನ್ನು ಒಟ್ಟಿಗೆ ಬಿಗಿದು ಕಟ್ಟಿ, ಮೂರನೆಯದನ್ನು ದಾರದಿಂದ ಸಡಿಲವಾಗಿ ಜೋಡಿಸಿರುತ್ತಾರೆ. ನಮ್ಮ ಹರಿಕಥೆ ದಾಸರ ಕೈಯ ಚಿಟಿಕೆಗಳನ್ನು ನೆನೆಸಿಕೊಂಡರೆ ಅದರ ಕೆಲಸ ಅರ್ಥವಾಗುತ್ತದೆ. ಹಾಡು ನಡೆಯುವಾಗ ಎಡಗೈ ಬಾನ್ ಹಿಡಿದು ತಾಳದ ಬಲವಾದ ಪೆಟ್ಟನ್ನು ತೋರಿಸುತ್ತದೆ, ಬಲಗೈಯ ಕಡ್ಡಿ ಡೋಲಿನ ಮೇಲೆ ಉಳಿದ ಎಣಿಕೆಗಳನ್ನು ಹಾಕುತ್ತದೆ. ಬಲವಾದ ಪೆಟ್ಟಿಗೆ ‘ಬಾನ್’ ಎಂದೇ ಹೆಸರು. ಹಗುರವಾದ ಎಣಿಕೆಗೆ ‘ಯೆನ್’, ಅಂದರೆ ಕಣ್ಣು. ನಮ್ಮ ತಾಳದಲ್ಲಿ ಘಾತ ಮತ್ತು ಹುಸಿ ಇದ್ದ ಹಾಗೆ. ಒಂದು ಬಾನಿಗೆ ಮೂರು ಕಣ್ಣುಗಳಿದ್ದರೆ ನಾಲ್ಕೆಣಿಕೆಯ ನಿಧಾನ ನಡೆ. ಒಂದು ಬಾನಿಗೆ ಒಂದು ಕಣ್ಣಾದರೆ ಎರಡೆಣಿಕೆಯ ನಡೆ. ಕಣ್ಣುಗಳೇ ಇಲ್ಲದೆ ಬರಿಯ ಬಾನ್ ಮಾತ್ರ ಉಳಿದರೆ ‘ಹರಿಯುವ ನೀರು’ ಎಂಬ ಹೆಸರಿನ ವೇಗದ ನಡೆ. ಇದಲ್ಲದೆ ‘ಬಿಗಿಯಾಗಿ ಬಾರಿಸು, ನಿಧಾನವಾಗಿ ಹಾಡು’ ಎಂದು ಅವರು ಬಣ್ಣಿಸುವ ಒಂದು ನಡೆಯಿದೆ. ಅಲ್ಲಿ ಡೋಲು ಮತ್ತು ಬಾನ್ ಎದೆಬಡಿತದಂತೆ ಬೇಗಬೇಗ ಓಡುತ್ತಿರುತ್ತವೆ, ಅದರ ಮೇಲೆ ನಟನ ಕಂಠ ಯಾವ ಎಣಿಕೆಗೂ ಕಟ್ಟುಬೀಳದೆ ಎಳೆ ಎಳೆಯಾಗಿ ಸಾಗುತ್ತದೆ. ಒಳಗೆ ತಳಮಳಗೊಂಡಿದ್ದರೂ ಹೊರಗೆ ಸ್ಥಿಮಿತ ಕಾಯ್ದುಕೊಂಡಿರುವ ಮನುಷ್ಯನನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಬೇರೆ ಯಾವ ರಂಗದಲ್ಲಿಯೂ ಕಂಡಿಲ್ಲ. ಚೀನೀ ಮಾತಿನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ‘ಒಂದು ಬಾನ್, ಒಂದು ಕಣ್ಣು’ ಎಂದು ಮೆಚ್ಚುತ್ತಾರೆ. ಈ ನುಡಿಗಟ್ಟು ರಂಗದಿಂದ ಇಳಿದು ಮನೆಮಾತಿಗೆ ಸೇರಿದ್ದು.

ಈಗ ಕಂಚಿನ ವಾದ್ಯಗಳಿಗೆ ಬರೋಣ. ಜಿಂಗ್‌ಜುವಿನಲ್ಲಿ ಎರಡು ಜಾಗಟೆಗಳಿವೆ. ದೊಡ್ಡದು ದಾಲ್ವೊ, ಸುಮಾರು 30 ಸೆಂಟಿಮೀಟರ್ ಅಗಲ. ಬಟ್ಟೆ ಸುತ್ತಿದ ತಲೆಯ ಕೊಡತಿಯಿಂದ ಅದನ್ನು ಬಾರಿಸುತ್ತಾರೆ. ಚಿಕ್ಕದು ಶ್ಯಾವ್‌ಲ್ವೊ, ಸುಮಾರು 22 ಸೆಂಟಿಮೀಟರ್ ಅಗಲ. ತೆಳುವಾದ ಮರದ ಪಟ್ಟಿಯೊಂದರ ಅಂಚಿನಿಂದ ಅದನ್ನು ತಟ್ಟುತ್ತಾರೆ. ಇವೆರಡನ್ನೂ ಒಂದರ ನಂತರ ಒಂದು ಕೇಳಿದಾಗ ಒಂದು ಸಂಗತಿ ತಟ್ಟನೆ ಕಿವಿಗೆ ಬೀಳುತ್ತದೆ. ದೊಡ್ಡ ಜಾಗಟೆಯ ಶ್ರುತಿ ಪೆಟ್ಟು ಬಿದ್ದ ಮೇಲೆ ಕೆಳಗೆ ಜಾರುತ್ತದೆ. ಚಿಕ್ಕ ಜಾಗಟೆಯ ಶ್ರುತಿ ಪೆಟ್ಟು ಬಿದ್ದ ಮೇಲೆ ಮೇಲಕ್ಕೆ ಏರುತ್ತದೆ. ನಮ್ಮ ದೇವಸ್ಥಾನದ ಜಾಗಟೆ ಒಂದೇ ಶ್ರುತಿಯಲ್ಲಿ ಮೊಳಗಿ ಅದೇ ಶ್ರುತಿಯಲ್ಲಿ ಆರುತ್ತದೆ. ಇವು ಹಾಗಲ್ಲ, ಮಾತಾಡಿದಂತೆ ಕೇಳಿಸುತ್ತವೆ.

ಈ ಏರಿಳಿತದ ಗುಟ್ಟು ಜಾಗಟೆಯ ಮೈಕಟ್ಟಿನಲ್ಲಿದೆ. ದೊಡ್ಡ ಜಾಗಟೆಯ ನಡುಭಾಗ ಸಮತಟ್ಟಾಗಿದ್ದು ಸುತ್ತಲಿನ ಭುಜ ಇಳಿಜಾರಾಗಿರುತ್ತದೆ. ಜೋರಾಗಿ ಹೊಡೆದಾಗ ಆ ಸಮತಟ್ಟಾದ ಹಾಳೆ ದೊಡ್ಡದಾಗಿ ತೊನೆಯುತ್ತದೆ. ತೊನೆದಷ್ಟೂ ಅದರ ಬಿಗಿತ ಹೆಚ್ಚಾಗಿ ಕಂಪನದ ವೇಗವೂ ಹೆಚ್ಚುತ್ತದೆ. ತೊನೆತ ಇಳಿಯುತ್ತ ಬಂದಂತೆ ಬಿಗಿತ ಸಡಿಲವಾಗಿ ಶ್ರುತಿ ಕೆಳಕ್ಕಿಳಿಯುತ್ತದೆ. ಚಿಕ್ಕ ಜಾಗಟೆಯ ಮುಖ ಸಮತಟ್ಟಲ್ಲ, ಕಣ್ಣಿಗೆ ಕಾಣದಷ್ಟು ನಸುವಾಗಿ ಉಬ್ಬಿರುತ್ತದೆ. ಉಬ್ಬಿದ ಹಾಳೆ ದೊಡ್ಡದಾಗಿ ತೊನೆದಾಗ ಬಿಗಿತ ಕಳೆದುಕೊಳ್ಳುತ್ತದೆ, ತೊನೆತ ಕಡಿಮೆಯಾದಂತೆ ಬಿಗಿತ ಮರಳಿ ಬರುತ್ತದೆ. ಆದ್ದರಿಂದ ಶ್ರುತಿ ಮೇಲೇರುತ್ತದೆ. ಧ್ವನಿವಿಜ್ಞಾನಿಗಳು ಇದನ್ನು ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕ ಹಾಕಿ ವಿವರಿಸಿದರು. ಜಾಗಟೆ ತಯಾರಿಸುವ ಕಂಚುಗಾರರು ತವರ ಹೆಚ್ಚಾಗಿ ಬೆರೆಸಿದ ಕಂಚನ್ನು ಕಾಯಿಸಿ, ತಟ್ಟಿ, ಕಿವಿಯಿಂದಲೇ ಪರೀಕ್ಷಿಸುತ್ತ ಅದಕ್ಕೂ ಎಷ್ಟೋ ಮೊದಲೇ ಸಾಧಿಸಿದ್ದರು. ಸುತ್ತಿಗೆಯ ಒಂದೆರಡು ಪೆಟ್ಟು ಹೆಚ್ಚು ಕಡಿಮೆಯಾದರೂ ಜಾಗಟೆ ತಪ್ಪು ಮಾತಾಡುತ್ತದೆ. ದೊಡ್ಡ ಜಾಗಟೆಗಳಲ್ಲಿ ಎತ್ತರದ, ನಡುವಿನ ಮತ್ತು ತಗ್ಗಿನ ಶ್ರುತಿಯವು ಎಂದು ಬೇರೆ ಬೇರೆ ಇವೆ. ಅವುಗಳಿಗೆ ‘ಹುಲಿದನಿ’ಯ ಜಾಗಟೆಗಳೆಂದು ಹೆಸರು.

ಇಂದು ನನ್ನ ಮುಂದಿನ ಮೇಜಿನ ಮೇಲೆ ಒಂದು ಶ್ಯಾವ್‌ಲ್ವೊ ಇದೆ. ಇದಕ್ಕೆ ನೇತುಹಾಕುವ ದಾರವಿಲ್ಲ ಎಂಬುದನ್ನು ಗಮನಿಸಿ. ಎಡಗೈಯ ಬೆರಳನ್ನು ಅಂಚಿನ ಒಳಮಗ್ಗುಲಿಗೆ ಕೊಟ್ಟು ಎತ್ತಿ ಹಿಡಿಯಬೇಕು. ಪಟ್ಟಿಯಿಂದ ನಡುವೆ ತಟ್ಟಿದಾಗ ‘ಥಾಯ್’ ಎಂದು ಮೇಲೇರುವ ಸದ್ದು ಬರುತ್ತದೆ. ತಟ್ಟಿದ ಕೂಡಲೆ ಎಡಗೈಯ ಉಳಿದ ಬೆರಳುಗಳನ್ನು ಹಿಂಬದಿಗೆ ತಾಗಿಸಿದರೆ ಸದ್ದು ಅರ್ಧದಲ್ಲಿಯೇ ನಿಲ್ಲುತ್ತದೆ. ಬೆರಳು ಎಷ್ಟು ಬೇಗ ತಾಗಿತು ಎಂಬುದರ ಮೇಲೆ ಅದು ಪ್ರಶ್ನೆಯಂತೆ ಕೇಳಿಸುತ್ತದೆ, ಅಥವಾ ಉತ್ತರದಂತೆ ಕೇಳಿಸುತ್ತದೆ. ಎಡಗೈಯ ಈ ಕೆಲಸ ಕಲಿಯಲು ಬಲಗೈಯ ಕೆಲಸಕ್ಕಿಂತ ಹೆಚ್ಚು ಕಾಲ ಬೇಕು. ಸ್ತ್ರೀಪಾತ್ರಗಳು, ವಿದ್ವಾಂಸರು, ವಿದೂಷಕರು ರಂಗಕ್ಕೆ ಬರುವಾಗ ಸಾಮಾನ್ಯವಾಗಿ ಈ ಚಿಕ್ಕ ಜಾಗಟೆಯೇ ಅವರನ್ನು ಕರೆತರುತ್ತದೆ, ಹೆಜ್ಜೆಗೊಂದು ‘ಥಾಯ್’. ರಾಜ, ಸೇನಾಪತಿ, ಬಣ್ಣದ ಮುಖದ ವೀರರಿಗೆ ದೊಡ್ಡ ಜಾಗಟೆ. ಇವೆರಡರ ನಡುವೆ ನಾವ್‌ಬೊ ಎಂಬ ಕಂಚಿನ ತಾಳಗಳ ಜೋಡಿ ಕೆಲಸ ಮಾಡುತ್ತದೆ. ತಾನಾಗಿ ಮುಂದೆ ಬರದೆ ಎರಡು ಜಾಗಟೆಗಳ ಸದ್ದಿಗೂ ಅಂಟಿನಂತೆ ಸೇರಿಕೊಂಡು ಪೆಟ್ಟುಗಳ ನಡುವಿನ ತೆರವನ್ನು ತುಂಬುವುದು ಅದರ ಗುಣ.

ಹೀಗೆ ಡೋಲು-ಬಾನ್, ದೊಡ್ಡ ಜಾಗಟೆ, ಚಿಕ್ಕ ಜಾಗಟೆ, ತಾಳ ಎಂದು ನಾಲ್ವರೇ ವೂಛಾಂಗಿನ ತಿರುಳು. ಈ ನಾಲ್ವರನ್ನೂ, ಅವರ ಮೂಲಕ ಇಡೀ ನಾಟಕವನ್ನೂ ನಡೆಸುವವರು ಡೋಲಿನವರು. ಇಲ್ಲಿ ಯಕ್ಷಗಾನವನ್ನು ಒಮ್ಮೆ ನೆನೆಸಿಕೊಳ್ಳುವುದು ಉಪಯುಕ್ತ. ನಮ್ಮಲ್ಲಿ ಪ್ರಸಂಗವನ್ನು ನಡೆಸುವವರು ಭಾಗವತರು. ಹಾಡುವವರೂ ಅವರೇ ಆದ್ದರಿಂದ ಆಟದ ಕಡಿವಾಣ ಹಾಡಿನ ಕೈಯಲ್ಲಿರುತ್ತದೆ, ಚಂಡೆ-ಮದ್ದಳೆಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಜಿಂಗ್‌ಜುವಿನಲ್ಲಿ ಹಾಡುವವರು ವೇಷಧಾರಿಗಳೇ. ಹಾಡು, ಮಾತು, ಅಭಿನಯ, ಯುದ್ಧ ನಾಲ್ಕೂ ಒಬ್ಬನ ಮೈಮೇಲೆಯೇ ಇರುವುದರಿಂದ ಹೊರಗೆ ಕುಳಿತು ಕಾಲದ ಲೆಕ್ಕ ಇಡುವವರೊಬ್ಬರು ಬೇಕಾಗುತ್ತದೆ. ಆ ಹೊಣೆ ಡೋಲಿನವರ ಮೇಲೆ ಬಿದ್ದಿತು. ಹಿಂದೆ ಹಿಮ್ಮೇಳ ರಂಗದ ಮೇಲೆಯೇ ಕೂರುತ್ತಿದ್ದ ಕಾಲದಲ್ಲಿ ಅವರ ಸ್ಥಾನಕ್ಕೆ ‘ಜ್ಯುಲೋಂಗ್‌ಖೋ’, ಅಂದರೆ ಒಂಬತ್ತು ಡ್ರ್ಯಾಗನ್‌ಗಳ ಬಾಯಿ ಎಂಬ ಗೌರವದ ಹೆಸರಿತ್ತು. ಡ್ರ್ಯಾಗನ್ ಚಕ್ರವರ್ತಿಯ ಚಿಹ್ನೆ. ರಂಗಕಲೆಯ ಕುಲದೈವವೆಂದು ನಟರು ಪೂಜಿಸುವ ಥಾಂಗ್ ರಾಜವಂಶದ ಚಕ್ರವರ್ತಿ ಶ್ವಾನ್‌ಜೋಂಗ್ ಸ್ವತಃ ಅಲ್ಲಿ ಕುಳಿತು ಡೋಲು ಬಾರಿಸುತ್ತಿದ್ದನೆಂಬುದು ಐತಿಹ್ಯ. ಪ್ರವೇಶಿಸಿದ ನಟ ಮೊದಲು ನಿಂತು ಭಂಗಿ ತೋರಿಸುವ ಜಾಗಕ್ಕೂ ಇಂದಿಗೂ ಅದೇ ಹೆಸರು. ಹಿಮ್ಮೇಳ ರಂಗದ ಬದಿಗೆ ಸರಿದು ಬಹಳ ಕಾಲವಾಗಿದ್ದರೂ ಹೆಸರು ಉಳಿದುಕೊಂಡಿದೆ.

ಡೋಲಿನವರು ಬೆತ್ತ ಬೀಸುವುದಿಲ್ಲ, ಬಾಯಿಬಿಟ್ಟು ಸೂಚನೆ ಕೊಡುವುದೂ ಇಲ್ಲ. ಅವರ ಸೂಚನೆಗಳೆಲ್ಲ ಕಡ್ಡಿಗಳನ್ನು ಎತ್ತುವ ರೀತಿಯಲ್ಲಿ, ಮಣಿಕಟ್ಟಿನ ತಿರುವಿನಲ್ಲಿ, ಮೊದಲ ಒಂದೆರಡು ಪೆಟ್ಟುಗಳಲ್ಲಿ ಅಡಗಿರುತ್ತವೆ. ಆ ಪೆಟ್ಟುಗಳನ್ನು ಕೇಳಿದ ಕೂಡಲೆ ಮುಂದೆ ಯಾವ ಗತಿ ಬರುತ್ತದೆಂದು ಜಾಗಟೆಯವರಿಗೆ ತಿಳಿಯಬೇಕು. ನಟನೂ ತನ್ನ ಕಡೆಯಿಂದ ಸೂಚನೆ ಕೊಡುತ್ತಾನೆ. ಮಾತಿನ ಕೊನೆಯ ಪದವನ್ನು ಎಳೆದು ದನಿಯನ್ನು ಏರಿಸಿದರೆ, ಅಥವಾ ತೋಳನ್ನು ಒಮ್ಮೆ ಝಾಡಿಸಿದರೆ, ಹಾಡಿಗೆ ಸಿದ್ಧನಾಗಿದ್ದೇನೆ ಎಂದು ಅರ್ಥ. ಇದಕ್ಕೆ ‘ಬಾನ್ ಕರೆಯುವುದು’ ಎನ್ನುತ್ತಾರೆ. ಈ ಕೊಡುಕೊಳ್ಳುವಿಕೆ ಹಿರಿಯ ನಟರಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ಅವರು ತಮ್ಮದೇ ಡೋಲಿನವರನ್ನೂ ಜಿಂಗ್‌ಹು ವಾದಕರನ್ನೂ ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ವೃದ್ಧ ಪುರುಷಪಾತ್ರಗಳಿಗೆ ಹೆಸರಾದ ಯಾಂಗ್ ಬಾವ್‌ಸೆನ್ ಅವರ ಗಾಯನವನ್ನು ನೆನೆಯುವವರು ಅವರ ಡೋಲಿನ ಹಾಂಗ್ ಜ್‌ಹ ಅವರನ್ನೂ ಅದೇ ಉಸಿರಿನಲ್ಲಿ ನೆನೆಯುತ್ತಾರೆ.

ಈ ವಿದ್ಯೆಯನ್ನು ಕಲಿಯುವುದು ಬಾಯಿಂದ. ಪ್ರತಿಯೊಂದು ಸದ್ದಿಗೂ ಒಂದು ಅಕ್ಷರವಿದೆ. ಅಕ್ಷರಗಳ ಸರಪಳಿಗೆ ಲ್ವೊಗುಜಿಂಗ್ ಎಂದು ಹೆಸರು. ಲ್ವೊ ಎಂದರೆ ಜಾಗಟೆ, ಗು ಎಂದರೆ ಡೋಲು, ಜಿಂಗ್ ಎಂದರೆ ಬೌದ್ಧ ಸೂತ್ರಗಳಿಗೂ ಪ್ರಾಚೀನ ಶಾಸ್ತ್ರಗ್ರಂಥಗಳಿಗೂ ಬಳಸುವ ಪದ. ದೊಡ್ಡ ಜಾಗಟೆ ಒಂಟಿಯಾಗಿಯೋ ಎಲ್ಲರೊಡನೆಯೋ ಮೊಳಗಿದರೆ ‘ತ್ಸಾಂಗ್’. ಚಿಕ್ಕ ಜಾಗಟೆ ಒಂದೇ ಆದರೆ ‘ಥಾಯ್’. ತಾಳ ಮತ್ತು ಚಿಕ್ಕ ಜಾಗಟೆ ಕೂಡಿದರೆ ‘ತ್ಸಾಯ್’. ಡೋಲಿನ ಮೇಲೆ ಒಂದು ಕಡ್ಡಿಯ ಪೆಟ್ಟು ‘ದಾ’, ಎರಡೂ ಕಡ್ಡಿಗಳು ಒಟ್ಟಿಗೆ ಬಿದ್ದರೆ ‘ಬಾ’. ಯಾವ ವಾದ್ಯವೂ ನುಡಿಯದ ಜಾಗಕ್ಕೂ ‘ಯಿ’ ಎಂಬ ಅಕ್ಷರವಿದೆ; ಮೌನವನ್ನೂ ಬಾಯಿಬಿಟ್ಟು ಹೇಳಿಯೇ ಕಲಿಯಬೇಕು. ಬಾಯಿತಾಳವನ್ನು ಬಲ್ಲ ನಮಗೆ ಇದು ಹೊಸದೆನಿಸುವುದಿಲ್ಲ. ಆದರೆ ಒಂದು ವ್ಯತ್ಯಾಸ ನನಗೆ ಮುಖ್ಯವೆಂದು ತೋರುತ್ತದೆ. ಮೃದಂಗದ ‘ತಕಧಿಮಿ’ ಒಬ್ಬ ವಾದಕನ ಎರಡು ಕೈಗಳ ಲೆಕ್ಕ. ಲ್ವೊಗುಜಿಂಗಿನ ‘ತ್ಸಾಂಗ್ ತ್ಸಾಯ್’ ನಾಲ್ವರು ಬೇರೆ ಬೇರೆ ಮನುಷ್ಯರ ಕೆಲಸವನ್ನು ಒಂದೇ ಬಾಯಿಯ ಒಂದೇ ಸಾಲಿಗೆ ತರುತ್ತದೆ. ಆದ್ದರಿಂದ ಒಬ್ಬರು ಅದನ್ನು ಹೇಳಿದರೆ ಇಡೀ ಪಾಳಿಯೇ ಕಣ್ಣಮುಂದೆ ಬಂದಂತಾಗುತ್ತದೆ. ನಟರೂ ಇದನ್ನು ಕಲಿಯಲೇಬೇಕು. ತಾಲೀಮಿನ ಕೋಣೆಯಲ್ಲಿ ವಾದ್ಯಗಳಿಲ್ಲದೆ, ಗುರು ಬಾಯಲ್ಲಿ ‘ತ್ಸಾಂಗ್, ತ್ಸಾಯ್’ ಎನ್ನುತ್ತಿದ್ದಂತೆ ಮಕ್ಕಳು ಹೆಜ್ಜೆ ಹಾಕಿ ಕಲಿಯುತ್ತಾರೆ.

ಅಕ್ಷರಗಳು ಸೇರಿ ಗತಿಗಳಾಗುತ್ತವೆ. ಆ ಗತಿಗಳ ಹೆಸರುಗಳನ್ನು ಕೇಳಿದರೆ ಅವುಗಳನ್ನು ಇಟ್ಟವರು ಕಿವಿಯ ಜೊತೆಗೆ ಕಣ್ಣನ್ನೂ ತೆರೆದಿದ್ದರೆಂದು ತಿಳಿಯುತ್ತದೆ. ‘ಜಿಜಿಫೆಂಗ್’, ಅಂದರೆ ಬಿರುಗಾಳಿ: ತ್ಸಾಂಗ್, ತ್ಸಾಯ್‌ಗಳು ಬಿಡುವಿಲ್ಲದೆ ಒಂದರ ಮೇಲೊಂದು ಬೀಳುತ್ತವೆ, ಸೈನಿಕರು ಓಡಿಬರುವಾಗ, ಕಾಳಗ ಹತ್ತುವಾಗ ಇದನ್ನು ಬಾರಿಸುತ್ತಾರೆ. ‘ನೀರಿನಾಳದ ಮೀನು’ ಎಂಬುದೊಂದಿದೆ, ‘ತಲೆದೂಗುವ ಫೀನಿಕ್ಸ್’ ಎಂಬುದೊಂದಿದೆ, ‘ಹುರಿಗೊಂಡ ರೇಷ್ಮೆ’ ಎಂಬುದೊಂದಿದೆ. ಕೊನೆಯ ಎರಡು ಹಾಡಿಗೆ ಬಾಗಿಲು ತೆರೆದುಕೊಡುವ ಗತಿಗಳು. ‘ಲ್ವಾನ್‌ಛ್ವೇ’, ದಿಕ್ಕೆಟ್ಟ ಪೆಟ್ಟುಗಳು: ಮನೆಗೆ ಬಂದ ಸುದ್ದಿ ಕೇಳಿ ಏನು ಮಾಡಬೇಕೆಂದು ತೋಚದೆ ಒಬ್ಬ ಮುದುಕ ಕೈಕೈ ಹೊಸಕುತ್ತ ಅತ್ತಿಂದಿತ್ತ ಓಡಾಡುವಾಗ ಜಾಗಟೆ ಮತ್ತು ತಾಳ ಅವನ ತಲೆಯೊಳಗಿನ ಗಿರಿಗಿಟ್ಟಲೆಯನ್ನು ಹೊರಗೆ ತಂದು ಬಾರಿಸುತ್ತವೆ. ಅವನು ಒಂದು ಮಾತೂ ಆಡಬೇಕಿಲ್ಲ.

ಒಂದು ಪ್ರವೇಶವನ್ನು ಹತ್ತಿರದಿಂದ ನೋಡೋಣ. ಯುದ್ಧಕ್ಕೆ ಸಿದ್ಧನಾಗುವ ಸೇನಾಪತಿ ಕವಚ ಬಿಗಿದುಕೊಳ್ಳುವುದನ್ನು ನೃತ್ಯದ ಹಾಗೆ ತೋರಿಸುವ ಭಾಗಕ್ಕೆ ‘ಛಿಬಾ’ ಎಂದು ಹೆಸರು. ಇಲ್ಲಿ ‘ಸಿಜಿಥೋ’, ಅಂದರೆ ನಾಲ್ಕು ಪೆಟ್ಟು, ಎಂಬ ಗತಿ ಬರುತ್ತದೆ. ಡೋಲಿನ ಕಡ್ಡಿಗಳು ಚುಟುಕಾಗಿ ಸೂಚನೆ ಕೊಡುತ್ತವೆ. ದೊಡ್ಡ ಜಾಗಟೆಯ ಮೊದಲ ಪೆಟ್ಟಿಗೆ ದಪ್ಪ ಅಟ್ಟೆಯ ಬೂಟುಗಾಲು ಪರದೆಯಾಚೆಯಿಂದ ಹೊರಗೆ ಬರುತ್ತದೆ. ಮುಂದಿನ ಪೆಟ್ಟುಗಳ ನಡುವೆ ಹೆಜ್ಜೆಗಳು ಸಾಗಿ ಜ್ಯುಲೋಂಗ್‌ಖೋವಿನಲ್ಲಿ ನಿಲ್ಲುತ್ತವೆ. ಮೈ ತಿರುಗುತ್ತದೆ, ಕೈ ಏರುತ್ತದೆ, ಕಣ್ಣುಗಳು ಇನ್ನೂ ಬೇರೆಡೆ ಇರುತ್ತವೆ. ಕೊನೆಯ ‘ತ್ಸಾಂಗ್’ ಬೀಳುವ ಅದೇ ಕ್ಷಣಕ್ಕೆ ತಲೆ ಸರಕ್ಕನೆ ತಿರುಗಿ, ಕಣ್ಣು ಅಗಲವಾಗಿ, ಬೆನ್ನಿನ ನಾಲ್ಕು ಬಾವುಟಗಳೂ ಒಮ್ಮೆ ಅದುರಿ, ಇಡೀ ಮೈ ಶಿಲೆಯಂತೆ ನಿಂತುಬಿಡುತ್ತದೆ. ಈ ನಿಲುವಿಗೆ ‘ಲ್ಯಾಂಗ್‌ಶ್ಯಾಂಗ್’, ರೂಪವನ್ನು ಬೆಳಗುವುದು, ಎನ್ನುತ್ತಾರೆ. ನಟ ಜಾಗಟೆಗೆ ಹೊಂದಿಕೊಂಡನೇ, ಜಾಗಟೆ ನಟನಿಗೆ ಹೊಂದಿಕೊಂಡಿತೇ ಎಂದು ನೋಡುವವರಿಗೆ ತಿಳಿಯಬಾರದು. ದೊಡ್ಡ ಜಾಗಟೆಯ ಇಳಿಯುವ ಶ್ರುತಿ ಆ ನಿಲುವಿನ ಕೆಳಗೆ ನೆಲವನ್ನು ಹಾಸಿದಂತೆ ಕೆಲಸ ಮಾಡುತ್ತದೆಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಗದ್ದಲದ ಮಾತಾಯಿತು, ಸದ್ದಿಲ್ಲದಿರುವುದರ ಉದಾಹರಣೆಯನ್ನೂ ಕೊಡಬೇಕು. ‘ಸಾನ್‌ಛಾಖೋ’, ಅಂದರೆ ಮೂರು ದಾರಿ ಕೂಡುವಲ್ಲಿ, ಎಂಬ ಪ್ರಸಿದ್ಧ ಆಟವಿದೆ. ಗಡೀಪಾರಾದ ಸೇನಾನಿಯೊಬ್ಬನನ್ನು ರಕ್ಷಿಸಲು ಹಿಂದೆ ಬಂದ ರೆನ್ ಥಾಂಗ್‌ಹ್ವೇ ಎಂಬ ವೀರ ಒಂದು ಛತ್ರದಲ್ಲಿ ತಂಗುತ್ತಾನೆ. ಛತ್ರದ ಒಡೆಯ ಲ್ಯು ಲಿಹ್ವಾ ಇವನನ್ನು ಕೊಲೆಗಾರನೆಂದು ಶಂಕಿಸಿ ರಾತ್ರಿ ಕೋಣೆಗೆ ನುಗ್ಗುತ್ತಾನೆ. ಕೋಣೆಯಲ್ಲಿ ಕಗ್ಗತ್ತಲೆ; ಆದರೆ ರಂಗದ ಮೇಲೆ ಪೂರ್ತಿ ಬೆಳಕು. ಇಬ್ಬರೂ ಒಬ್ಬರಿಗೊಬ್ಬರು ಕಾಣದವರಂತೆ, ಅಂಗೈಯಗಲದ ಅಂತರದಲ್ಲಿ ಕತ್ತಿ ಬೀಸುತ್ತ, ಮೇಜನ್ನು ತಡವುತ್ತ, ಉಸಿರು ಹಿಡಿದು ಹುಡುಕಾಡುತ್ತಾರೆ. ಈ ಆಟದ ಬಹುಭಾಗದಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಕತ್ತಲೆಯನ್ನು ಕಟ್ಟುವುದು ವೂಛಾಂಗ್. ಡೋಲಿನ ಒಂದು ‘ದಾ’, ಅನಂತರ ಏನೂ ಇಲ್ಲ. ಚಿಕ್ಕ ಜಾಗಟೆಯ ಮೆಲ್ಲನೆಯ ಒಂದು ತಟ್ಟು, ಮತ್ತೆ ಏನೂ ಇಲ್ಲ. ಕೈಗೆ ಕೈ ತಾಗಿದ ಕ್ಷಣದಲ್ಲಿ ಎಲ್ಲ ವಾದ್ಯಗಳೂ ಒಮ್ಮೆಲೆ ಸಿಡಿದು, ಇಬ್ಬರೂ ಹಾರಿ ದೂರವಾದ ಕೂಡಲೆ ಮತ್ತೆ ಆ ನಿಶ್ಶಬ್ದ. ಕಣ್ಣಿಗೆ ಬೆಳಕು ಕಾಣುತ್ತಿದ್ದರೂ ಕಿವಿ ಕತ್ತಲೆಯೆಂದು ಸಾಕ್ಷಿ ಹೇಳುತ್ತದೆ, ಪ್ರೇಕ್ಷಕರು ಕಿವಿಯನ್ನು ನಂಬುತ್ತಾರೆ. ಕೊನೆಗೆ ದೀಪ ಬಂದು ಸಂಶಯ ತೀರುತ್ತದೆ.

ಡೋಲು ಹಿಮ್ಮೇಳದಿಂದ ಎದ್ದು ರಂಗದ ನಡುವಿಗೇ ಬರುವ ಆಟವೂ ಇದೆ. ಹಾನ್ ರಾಜವಂಶದ ಕೊನೆಯ ಕಾಲದ ವಿದ್ವಾಂಸ ಮಿ ಹೆಂಗ್ ಸೊಕ್ಕಿನವನೆಂದು ಅವನನ್ನು ಅವಮಾನಿಸಲು, ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಿದ್ದ ಮಂತ್ರಿ ತ್ಸಾವ್ ತ್ಸಾವ್ ತನ್ನ ಔತಣದಲ್ಲಿ ಡೋಲು ಬಾರಿಸುವ ಕೆಲಸಕ್ಕೆ ಹಚ್ಚುತ್ತಾನೆ. ಮಿ ಹೆಂಗ್ ಹರಕು ಬಟ್ಟೆಯಲ್ಲಿ ಬಂದು ಡೋಲು ಬಾರಿಸ ತೊಡಗುತ್ತಾನೆ. ಆಮೇಲೆ ಸಭೆಯ ಎದುರಿಗೇ ಮಂತ್ರಿಯನ್ನು ಬಯ್ಯುತ್ತಾನೆ. ಆಟದ ಹೆಸರೇ ‘ಡೋಲು ಬಡಿದು ತ್ಸಾವ್‌ನನ್ನು ಬಯ್ದದ್ದು’. ಇಲ್ಲಿ ಥಾಂಗ್‌ಗು ಎಂಬ ನಿಲುವಿನ ದೊಡ್ಡ ಡೋಲನ್ನು ಪಾತ್ರಧಾರಿಯೇ, ಎಲ್ಲರ ಕಣ್ಣೆದುರು, ಬಾರಿಸಬೇಕು. ಹಿಮ್ಮೇಳದವರು ಬಾರಿಸಿ ನಟ ಕೈಯಾಡಿಸುವಂತಿಲ್ಲ. ಹಾಡಿನಲ್ಲಿ ಪಳಗಿದ ನಟ ಡೋಲಿನಲ್ಲಿಯೂ ಪಳಗಿರಬೇಕಾದ ಕಾರಣ ಈ ಪಾತ್ರ ಒಂದು ಪರೀಕ್ಷೆಯೇ ಸರಿ; ಥಾನ್ ಶಿನ್‌ಪೇ (1847–1917) ಇದರಲ್ಲಿ ಹೆಸರು ಮಾಡಿದ್ದರು. ಪೆಟ್ಟುಗಳು ಮೊದಲು ಸಭ್ಯವಾಗಿ, ಸಭೆಗೆ ತಕ್ಕಂತೆ ಬೀಳುತ್ತವೆ. ಬರಬರುತ್ತ ಒತ್ತು ಏರಿ, ಬಯ್ಗುಳ ಬಾಯಿಗೆ ಬರುವ ಮೊದಲೇ ಕೈಗೆ ಬಂದಿರುತ್ತದೆ.

ಆ ಡೋಲಿನ ಭಾಗಕ್ಕೆ ಜಿಂಗ್‌ಹುವಿನಲ್ಲಿ ನುಡಿಸುವ ‘ಯೆಶೆನ್‌ಛೆನ್’, ಗಾಢ ರಾತ್ರಿ, ಎಂಬ ಧಾಟಿಯೇ ಇನ್ನೊಂದು ನಾಟಕದಲ್ಲಿ ಬೇರೆಯೇ ಆಗಿ ಕೇಳಿಸುತ್ತದೆ. 1922ರಲ್ಲಿ ಮೇ ಲಾನ್‌ಫಾಂಗ್ ಮತ್ತು ಯಾಂಗ್ ಶ್ಯಾವ್‌ಲೋ ರಂಗಕ್ಕೆ ತಂದ ‘ಬಾವಾಂಗ್ ಬ್ಯೆ ಜಿ’, ಅಂದರೆ ರಾಜ ರಾಣಿಯನ್ನು ಬೀಳ್ಕೊಡುವುದು, ಎಂಬ ನಾಟಕದಲ್ಲಿ, ಸೋಲು ಖಚಿತವಾದ ರಾತ್ರಿ ರಾಣಿ ಯು, ರಾಜನ ದುಃಖ ಮರೆಸಲು ಜೋಡಿ ಕತ್ತಿ ಹಿಡಿದು ಕುಣಿಯುತ್ತಾಳೆ. ಅಲ್ಲಿಯೂ ಅದೇ ಧಾಟಿ, ಅದೇ ದೊಡ್ಡ ಡೋಲು. ಮಿ ಹೆಂಗ್‌ನ ಕೈಯಲ್ಲಿ ರೊಚ್ಚಾಗಿದ್ದ ಪೆಟ್ಟು ಇಲ್ಲಿ ಆಪ್ತರನ್ನು ಬೀಳ್ಕೊಡುವ ಹೆಣ್ಣಿನ ಎದೆಯ ಬಡಿತ.

ಇಂತಹ ಕೆಲಸಕ್ಕೆ ಜನ ಹೇಗೆ ತಯಾರಾಗುತ್ತಿದ್ದರು? 1904ರಿಂದ 1948ರವರೆಗೆ ಬೀಜಿಂಗಿನಲ್ಲಿ ನಡೆದ ಫುಲ್ಯೆನ್‌ಛೆಂಗ್ ಶಾಲೆಯಂತಹ ಕಡೆ ಮಕ್ಕಳು ವರ್ಷಗಟ್ಟಲೆ ಗುರುಗಳ ಬಳಿಯೇ ಇದ್ದು ಕಲಿಯುತ್ತಿದ್ದರು. ಹಿಮ್ಮೇಳದವರಿಗೆ ‘ಆರು ಸ್ಥಾನಗಳಲ್ಲೂ ಪಾರಂಗತ’ ಎಂಬುದು ದೊಡ್ಡ ಬಿರುದು: ಜಿಂಗ್‌ಹು, ಯುಎಚಿನ್, ಸಾನ್‌ಶ್ಯೆನ್, ಡೋಲು, ದೊಡ್ಡ ಜಾಗಟೆ, ಚಿಕ್ಕ ಜಾಗಟೆ. ಥಾನ್ ಶಿನ್‌ಪೇ ಅವರಿಗೆ ಜಿಂಗ್‌ಹು ನುಡಿಸುತ್ತಿದ್ದ ಮೇ ಯುಥ್ಯೆನ್ ಅಂತಹವರೆಂದು ಪ್ರಸಿದ್ಧರು. ಅವರು ಮೇ ಲಾನ್‌ಫಾಂಗ್ ಅವರ ದೊಡ್ಡಪ್ಪ. ಎಲ್ಲ ಸ್ಥಾನಗಳನ್ನೂ ಬಲ್ಲವರು ಮಾತ್ರ ತಮ್ಮ ಪೆಟ್ಟು ಇನ್ನೊಬ್ಬರ ಪೆಟ್ಟಿಗೆ ಎಲ್ಲಿ ಜಾಗ ಬಿಡಬೇಕೆಂದು ಅರಿತಿರುತ್ತಾರೆ.

1960ರ ದಶಕದಲ್ಲಿ ಕ್ರಾಂತಿಯ ಕಥಾವಸ್ತುವಿನ ಹೊಸ ನಾಟಕಗಳು ಬಂದಾಗ ಪಿಟೀಲು, ಕೊಂಬುಗಳ ಪಾಶ್ಚಾತ್ಯ ವಾದ್ಯಮೇಳ ಜಿಂಗ್‌ಜುವಿಗೆ ಸೇರಿತು. ಪ್ರತಿ ಸ್ವರವೂ ಕಾಗದದ ಮೇಲೆ ನಿಗದಿಯಾಯಿತು, ಬೆತ್ತ ಹಿಡಿದ ನಿರ್ದೇಶಕರು ಬಂದರು. ಆಗಲೂ ದಾನ್‌ಪಿಗು ಮತ್ತು ಜಾಗಟೆಗಳನ್ನು ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ನಟರು ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಆದರೆ ನಟನ ಅಂದಿನ ಉಸಿರನ್ನು ನೋಡಿ ಒಂದು ಪೆಟ್ಟನ್ನು ತಡೆದು ಹಿಡಿಯುವ ಸ್ವಾತಂತ್ರ್ಯ ಡೋಲಿನವರಿಗೆ ಕಡಿಮೆಯಾಯಿತು. ಆ ನಾಟಕಗಳ ಸಂಗೀತದಲ್ಲಿ ಗಟ್ಟಿಯಾದ ಸೊಬಗಿದೆ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದೂ ನನ್ನ ಮನಸ್ಸು ಒಲಿಯುವುದು ನಾಲ್ವರು ಒಬ್ಬರ ಕಡ್ಡಿಯನ್ನು ನೋಡುತ್ತ ಕುಳಿತ ಹಳೆಯ ಪಾಳಿಗೇ.

ಹಿಂದೆ ಆಟ ಶುರುವಾಗುವ ಮೊದಲು ಈ ಪಾಳಿ ‘ನಾವ್‌ಥಾಯ್’, ಅಂದರೆ ರಂಗಕ್ಕೆ ಸದ್ದೆಬ್ಬಿಸುವುದು, ಎಂಬ ದೀರ್ಘ ವಾದನ ನಡೆಸುತ್ತಿತ್ತು. ನಮ್ಮೂರುಗಳಲ್ಲಿ ಆಟವಿದೆಯೆಂದು ಸಾರಲು ‘ಕೇಳಿ’ ಬಾರಿಸುತ್ತಿದ್ದಂತೆ, ಊರ ದೇವಾಲಯದ ಬಯಲು ರಂಗಗಳ ಸುತ್ತ ಜನ ಆ ಸದ್ದು ಕೇಳಿಯೇ ಸೇರುತ್ತಿದ್ದರು. ಆಟ ಮುಗಿದ ಮೇಲೆ ಸ್ವೊನಾ ‘ವೇಶೆಂಗ್’, ಬಾಲದ ದನಿ, ಎಂಬ ಚಿಕ್ಕ ಧಾಟಿಯನ್ನು ಊದುತ್ತದೆ, ಅದರ ಜೊತೆಗೆ ಜಾಗಟೆಗಳು ಕೊನೆಯ ಸಲ ನುಡಿಯುತ್ತವೆ. ಅದನ್ನು ಕೇಳುತ್ತಲೇ ಜನ ಎದ್ದು ಬಾಗಿಲ ಕಡೆಗೆ ನಡೆಯುತ್ತಾರೆ.